ಎಲ್ಲರ ಹಾಲು, ಒಂದೇ ಕ್ಯಾನು

ಮನೆಯಲ್ಲಿ ಯಾರದಾದರೂ ಫೋನ್ ಕೈಗೆ ಸಿಕ್ಕರೆ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮೊದಲು 'ಸೂರ್ಯ' ಅಂತ ಬರೆಯಿರಿ. ಸರಿಯಾಗಿ ಬಂತಲ್ಲ? ಈಗ 'ರ‍್ಯಾಲಿ' ಅಂತ ಬರೆಯಿರಿ. ಬಹಳ ಮಂದಿಗೆ ಅದು 'ರ್ಯಾಲಿ' ಆಗಿ ಬರುತ್ತದೆ. ರ ಅಕ್ಷರ ಮುಂದೆ ನಿಲ್ಲುವ ಬದಲು ಅರ್ಕಾವತ್ತಾಗಿ ಬಲಗಡೆಗೆ ಹೋಗಿ ಕೂತುಬಿಡುತ್ತದೆ. ನಮ್ಮ 9ನೇ ತರಗತಿಯ ಹುಡುಗಿಯೊಬ್ಬಳು ಇದನ್ನು ನೋಡಿ ಕೇಳಿದಳು, "ಸರ್, ಇದನ್ನ ಹೀಂಗ ಬರಬೇಕಂತ ಯಾರು ಠರಾವ್ ಮಾಡ್ಯಾರ್ರಿ?"

ಪ್ರಶ್ನೆ ಚೆನ್ನಾಗಿದೆ. ಅವಳು 'ಯಾಕೆ' ಅಂತ ಕೇಳಲಿಲ್ಲ, 'ಯಾರು' ಅಂತ ಕೇಳಿದಳು. ಈ ಲೇಖನ ಆ 'ಯಾರು' ಎಂಬುದರ ಬಗ್ಗೆ. ಆದರೆ 'ಯಾಕೆ' ಅನ್ನುವುದನ್ನು ಮೊದಲು ಮುಗಿಸೋಣ.

ಕಂಪ್ಯೂಟರ್ ಅಕ್ಷರದ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ, ಅದಕ್ಕೆ ಕೊಟ್ಟ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. 'ಸೂರ್ಯ' ಪದದ ಕೊನೆಯಲ್ಲಿರುವುದು ರ, ಹಲಂತ ಚಿಹ್ನೆ, ಯ ಎಂಬ ಮೂರು ಸಂಖ್ಯೆಗಳು. 'ರ‍್ಯಾಲಿ'ಯ ಮೊದಲಲ್ಲಿ ಇರುವುದೂ ಅದೇ ಮೂರು, ಅದೇ ಕ್ರಮದಲ್ಲಿ. ನಮಗೆ ಒಂದು ಕಡೆ ಅರ್ಕಾವತ್ತು ಬೇಕು, ಇನ್ನೊಂದು ಕಡೆ ಬೇಡ. ಇದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ಅರ್ಕಾವತ್ತು ಬೇಡವಾದಲ್ಲಿ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು 'ಜೋಡಕ' ಅಕ್ಷರವನ್ನು ಇಡಬೇಕು. ಅದರ ಸಂಖ್ಯೆ 200ಡಿ. ಪರದೆಯ ಮೇಲೆ ಅದು ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಕಣ್ಣುಸನ್ನೆ ಮಾಡುತ್ತದೆ.

ಈ ಉಪಾಯವನ್ನು ನಿಯಮವಾಗಿ ಬರೆದಿಟ್ಟದ್ದು ಯೂನಿಕೋಡ್ ಒಕ್ಕೂಟದ ತಾಂತ್ರಿಕ ಸಮಿತಿ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಈ ಒಕ್ಕೂಟ 1991ರಲ್ಲಿ ಸ್ಥಾಪನೆಯಾಯಿತು. ಯಾರು ಬೇಕಾದರೂ ಸಮಿತಿಗೆ ಬರೆದು ತಪ್ಪು ತೋರಿಸಬಹುದು, ಹೊಸ ಅಕ್ಷರ ಕೇಳಬಹುದು. ಬಂದ ಕಾಗದಗಳನ್ನು ಸಮಿತಿ ಓದಿ, ದೊಡ್ಡ ಬದಲಾವಣೆಯಾದರೆ ಸಾರ್ವಜನಿಕರ ಅಭಿಪ್ರಾಯ ಕೇಳಿ, ಆಮೇಲೆ ತೀರ್ಮಾನಿಸುತ್ತದೆ. ಇಂಥ ಒಂದು ಪಂಚಾಯ್ತಿ ಇಲ್ಲದ ಕಾಲ ಹೇಗಿತ್ತು ಅಂತ ನನಗೆ ಗೊತ್ತು. ಒಮ್ಮೆ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಝೆರಾಕ್ಸ್ ಅಂಗಡಿಗೆ ಒಯ್ದಿದ್ದೆ. ಅಲ್ಲಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. 'ದ್ಯುತಿಸಂಶ್ಲೇಷಣೆ' ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ, ಅಡ್ಡಗೆರೆ ಎಲ್ಲ ಸೇರಿದ ಗೊಜ್ಜು. ಮರುದಿನ ಬೆಳಗ್ಗೆ ಪರೀಕ್ಷೆ. ರಾತ್ರಿ ಕೂತು ಇಡೀ ಪತ್ರಿಕೆಯನ್ನು ಕೈಯಲ್ಲಿ ಬರೆದೆ.

ಯೂನಿಕೋಡ್ ಒಂದು ಮಾನಕ, ಅಂದರೆ ನಿಯಮದ ಪುಸ್ತಕ. ಆ ನಿಯಮದ ಪ್ರಕಾರ ಅಕ್ಷರಗಳನ್ನು ಕೂಡಿಸಿ ಪರದೆಯ ಮೇಲೆ ನಿಲ್ಲಿಸುವ ಕೆಲಸಕ್ಕೆ ತಂತ್ರಾಂಶ ಬೇಕು. ಹಾರ್ಫ್‌ಬಜ್ ಎನ್ನುವುದು ಅಂಥ ಒಂದು ತಂತ್ರಾಂಶ. ಆಂಡ್ರಾಯ್ಡ್ ಫೋನ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಕನ್ನಡವನ್ನು ಜೋಡಿಸಲು ಅದನ್ನೇ ಬಳಸುತ್ತವೆ. ಅದು ಮುಕ್ತ ತಂತ್ರಾಂಶ. ಅಂದರೆ ಅದರ ಮೂಲ ಸಂಕೇತವನ್ನು ಯಾರೂ ತೆರೆದು ಓದಬಹುದು, ಬದಲಿಸಬಹುದು, ಬದಲಾವಣೆಯನ್ನು ಮೂಲಕ್ಕೆ ಕಳಿಸಿ "ಇದನ್ನು ಸೇರಿಸಿಕೊಳ್ಳಿ" ಎನ್ನಬಹುದು. ನೀವೂ ಕಳಿಸಬಹುದು.

ಇಲ್ಲಿಯೇ ನಿಮಗೊಂದು ಅನುಮಾನ ಬರಬೇಕು. ಯಾರು ಬೇಕಾದರೂ ಕೈ ಹಾಕಬಹುದು ಅಂದಮೇಲೆ ಅದು ಕೆಡುವುದಿಲ್ಲವೇ?

ಉತ್ತರಕ್ಕೆ ದೂರ ಹೋಗಬೇಕಿಲ್ಲ, ನಾಳೆ ಬೆಳಗ್ಗೆ ನಿಮ್ಮೂರ ಹಾಲಿನ ಡೇರಿಗೆ ಹೋಗಿ. ಗಡಹಿಂಗ್ಲಜ ತಾಲ್ಲೂಕಿನಲ್ಲಿ ಡೇರಿ ಇಲ್ಲದ ಊರು ಹುಡುಕುವುದು ಕಷ್ಟ. ಕೊಲ್ಹಾಪುರ ಜಿಲ್ಲಾ ಹಾಲು ಸಂಘ, ಅಂದರೆ ನಾವು ನೀವು 'ಗೋಕುಳ' ಅನ್ನುವುದು, 1963ರಲ್ಲಿ ಹುಟ್ಟಿತು. ಎರಡು ಎಮ್ಮೆ ಇರುವ ಅಜ್ಜಿಯೂ ಅಲ್ಲಿ ಹಾಲು ಹಾಕುತ್ತಾಳೆ, ಇಪ್ಪತ್ತು ಎಮ್ಮೆ ಇರುವ ದೊಡ್ಡ ರೈತನೂ ಹಾಕುತ್ತಾನೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಆದರೆ ಬೀಳುವ ಮೊದಲು ಏನಾಗುತ್ತದೆ ನೋಡಿ. ಒಂದು ಚೂರು ಹಾಲು ತೆಗೆದು ಪರೀಕ್ಷೆಗೆ ಇಡುತ್ತಾರೆ. ಈಗ ಯಂತ್ರ ಬಂದಿದೆ, ಅರೆ ನಿಮಿಷದಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಹೇಳುತ್ತದೆ. ನಿಮ್ಮ ಅಜ್ಜನ ಕಾಲದಲ್ಲಿ ಗರ್ಬರ್ ವಿಧಾನ ಇತ್ತು. ಗಾಜಿನ ಕೊಳವೆಗೆ ಗಂಧಕಾಮ್ಲ ಹಾಕಿ, ಅದರ ಮೇಲೆ ಹಾಲು, ಒಂದಿಷ್ಟು ಅಮೈಲ್ ಆಲ್ಕೋಹಾಲ್ ಸೇರಿಸಿ, ಗರಗರ ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಅಳತೆ ಕೊಳವೆಯ ಮೇಲೆಯೇ ಇರುತ್ತದೆ. (10ನೇಯವರು ಇದರಲ್ಲಿ ಕೇಂದ್ರಾಪಗಾಮಿ ಪ್ರತ್ಯೇಕಿಸುವಿಕೆ ಎಲ್ಲಿದೆ ಅಂತ ಯೋಚಿಸಲಿ.)

ಈ ಪರೀಕ್ಷೆಗೆ ಹಾಲು ಯಾರದು ಎನ್ನುವುದು ಬೇಕಾಗಿಲ್ಲ. ಚೇರಮನ್ನರ ಮನೆಯ ಹಾಲಾದರೂ ಹುಳಿಯಾಗಿದ್ದರೆ ವಾಪಸು ಹೋಗಬೇಕು. ಹಾಗೆ ಆಗದಿದ್ದರೆ ಒಬ್ಬರ ಮನೆಯ ಹುಳಿ ಹಾಲು ನಲವತ್ತು ಮನೆಯ ಒಳ್ಳೆಯ ಹಾಲನ್ನು ಕೆಡಿಸುತ್ತದೆ. ಯಾವ ಹಾಲು ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಪರೀಕ್ಷೆ ಮಾಡುವವನು ಯಾರು, ಅವನು ತಪ್ಪಿದರೆ ದೂರು ಯಾರಿಗೆ? ಇದನ್ನೆಲ್ಲ ತೀರ್ಮಾನಿಸಲು ಸಂಸ್ಥೆಗೆ ಆಡಳಿತ ಮಂಡಳಿ ಇದೆ. ಮಂಡಳಿಯವರು ಹಾಲು ಕರೆಯುವುದಿಲ್ಲ, ಕರೆಯುವ ಕೈಗೂ ಕ್ಯಾನಿಗೂ ನಡುವೆ ಒಂದು ನಿಯಮ ಇಡುತ್ತಾರೆ. ಮುಕ್ತ ತಂತ್ರಾಂಶದ ಸಮಿತಿಗಳ ಕೆಲಸವೂ ಬಹುಮಟ್ಟಿಗೆ ಇಷ್ಟೇ.

ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. 1993ರಲ್ಲಿ ಇಯಾನ್ ಮುರ್ಡಾಕ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ನಮಗೆ ಗೊತ್ತಿರುವ ಉಬುಂಟು ಅದರಿಂದಲೇ ಹುಟ್ಟಿದೆ. ಅದರಲ್ಲಿ ಹತ್ತಾರು ಸಾವಿರ ತಂತ್ರಾಂಶ ಕಟ್ಟುಗಳಿವೆ. ಕನ್ನಡದ 'ಗುಬ್ಬಿ' ಮತ್ತು 'ನವಿಲು' ಎಂಬ ಎರಡು ಮುಕ್ತ ಫಾಂಟುಗಳೂ ಅವುಗಳಲ್ಲಿವೆ. ಹೆಸರು ಎಷ್ಟು ಚೆಂದ ನೋಡಿ! ಒಂದು ಕಟ್ಟು ಬಂದರೆ ಅದು ಮೊದಲು 'ಅಸ್ಥಿರ' ಎಂಬ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕೆಲವು ದಿನ ಗಂಭೀರ ದೋಷದ ದೂರು ಬರದಿದ್ದರೆ 'ಪರೀಕ್ಷೆ' ವಿಭಾಗಕ್ಕೆ. ಕೊನೆಗೆ ಬಿಡುಗಡೆ ತಡೆಯುವಂಥ ದೋಷಗಳನ್ನೆಲ್ಲ ಸರಿಪಡಿಸಿದ ಮೇಲೆ 'ಸ್ಥಿರ' ಆವೃತ್ತಿ ಹೊರಬರುತ್ತದೆ. ಊರ ಡೇರಿ, ಶೀತಲೀಕರಣ ಕೇಂದ್ರ, ದೊಡ್ಡ ಡೇರಿ ಇದ್ದ ಹಾಗೆ ಮೂರು ಜರಡಿ.

1998ರ ಡಿಸೆಂಬರಿನಲ್ಲಿ ಡೆಬಿಯನ್ನಿನವರು ತಮಗೊಂದು ಸಂವಿಧಾನವನ್ನೇ ಬರೆದುಕೊಂಡರು. ಅದರ ಪ್ರಕಾರ ಮುಖಂಡನನ್ನು ಪ್ರತಿ ವರ್ಷ ಚುನಾಯಿಸುತ್ತಾರೆ. ಜೊತೆಗೆ ಹೆಚ್ಚೆಂದರೆ 8 ಜನರ ತಾಂತ್ರಿಕ ಸಮಿತಿ. ಈ ಸಮಿತಿಗೆ ಹಾಕಿರುವ ಕಟ್ಟುಪಾಡು ನನಗೆ ಬಹಳ ಹಿಡಿಸಿತು. ಬೇರೆಲ್ಲ ದಾರಿ ಮುಗಿದ ಮೇಲೆ ಮಾತ್ರ ಅದು ತೀರ್ಪು ಕೊಡಬೇಕು. ತಾನೇ ಕೂತು ವಿನ್ಯಾಸ ಮಾಡುವ ಹಾಗಿಲ್ಲ. ಒಬ್ಬ ಅಭಿವೃದ್ಧಿಗಾರನ ನಿರ್ಧಾರವನ್ನು ತಳ್ಳಿಹಾಕಬೇಕಾದರೆ ಒಂದಕ್ಕೆ ಮೂರರಷ್ಟು ಬಹುಮತ ಬೇಕು. ಅಂದರೆ ಕೆಲಸ ಮಾಡುವವನ ಕೈಯನ್ನು ಸುಮ್ಮಸುಮ್ಮನೆ ಹಿಡಿಯಬಾರದು. ನಮ್ಮ ಕಡೆ ಎಷ್ಟೋ ಸಮಿತಿಗಳು ಇದರ ಉಲ್ಟಾ ನಡೆಯುತ್ತವೆ, ಅದು ಬೇರೆ ಮಾತು.

ಗಡಹಿಂಗ್ಲಜದವರಿಗೆ ಇದನ್ನು ಫುಟ್‌ಬಾಲಿನಿಂದ ಹೇಳಿದರೆ ಬೇಗ ತಿಳಿಯುತ್ತದೆ. ಆಟ ಎಲ್ಲರದು, ಗದ್ದೆಯಲ್ಲೂ ಆಡಬಹುದು. ಆದರೆ ಆಫ್‌ಸೈಡ್ ನಿಯಮ ಬದಲಿಸಬೇಕಾದರೆ 1886ರಿಂದ ಇರುವ ಒಂದು ಅಂತರರಾಷ್ಟ್ರೀಯ ಮಂಡಳಿಯಲ್ಲಿ ಒಟ್ಟು 8 ಮತಗಳಲ್ಲಿ 6 ಬೀಳಬೇಕು. ಫಿಫಾ ಕೈಯಲ್ಲಿರುವುದು ನಾಲ್ಕೇ ಮತ. ಹಾಗಾಗಿ ಫಿಫಾ ಒಂದೇ ಮನಸ್ಸು ಮಾಡಿದರೂ ನಿಯಮ ಬದಲಾಗುವುದಿಲ್ಲ.

ಜರಡಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಕಥೆ ಹೇಳಬೇಕು. ಎರಡೂ ನಿಜವಾಗಿ ನಡೆದವು.

ಮೊದಲನೆಯದು 2014ರ ಏಪ್ರಿಲ್‌ನದು. ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶ ಇದೆ. ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತಿದಾಗ ಅದನ್ನು ಗುಪ್ತಲಿಪಿ ಮಾಡಿ ಕಳಿಸುವ ಕೆಲಸ ಅದರದು. ಅದರಲ್ಲಿ 'ಹೃದಯಬಡಿತ' ಎಂಬ ಸೌಲಭ್ಯ ಇತ್ತು. ಒಂದು ಯಂತ್ರ ಇನ್ನೊಂದಕ್ಕೆ, "ಬದುಕಿದ್ದರೆ ಈ ಪದವನ್ನು ವಾಪಸ್ ಕಳಿಸು, ಪದ 'ಹಾಲು', ಉದ್ದ ಎರಡು ಅಕ್ಷರ" ಅಂತ ಕೇಳುತ್ತದೆ. ಆಚೆಯದು "ಹಾಲು" ಅನ್ನಬೇಕು. ಆದರೆ ಒಬ್ಬ ಕಳ್ಳ, "ಪದ 'ಹಾಲು', ಉದ್ದ ಅರವತ್ತು ಸಾವಿರ ಅಕ್ಷರ" ಅಂದರೆ? ಹೇಳಿದ ಉದ್ದವೂ ಪದದ ನಿಜವಾದ ಉದ್ದವೂ ಒಂದೇನಾ ಅಂತ ನೋಡುವ ಒಂದು ಸಾಲನ್ನು ಬರೆದವರು ಮರೆತಿದ್ದರು. ಹಾಗಾಗಿ ಯಂತ್ರ 'ಹಾಲು' ಜೊತೆಗೆ ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದ 64 ಕಿಲೋಬೈಟ್‌ವರೆಗಿನ ಮಾಹಿತಿಯನ್ನೂ ಎತ್ತಿ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡೂ ಇರಬಹುದು. ಈ ದೋಷ 2012ರ ಮಾರ್ಚ್‌ನಲ್ಲಿ ಹೊರಬಂದ ಆವೃತ್ತಿಯಲ್ಲಿ ಸೇರಿತ್ತು, ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

"ಎಲ್ಲರೂ ಓದಬಹುದಾಗಿತ್ತಲ್ಲ ಸರ್?" ಹೌದು, ಓದಬಹುದಾಗಿತ್ತು. ಓದಬಹುದು ಎನ್ನುವುದು ಬೇರೆ, ಓದುತ್ತಾರೆ ಎನ್ನುವುದು ಬೇರೆ. ಅರ್ಧ ಜಗತ್ತು ಬಳಸುತ್ತಿದ್ದ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಇಚಲಕರಂಜಿಯ ಮಕ್ಕಳಿಗೆ ಇದು ಗೊತ್ತಿರುತ್ತದೆ: ಮಗ್ಗದಿಂದ ಇಳಿದ ಬಟ್ಟೆಯನ್ನು ಯಾರಾದರೂ ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಡಿದ ಎಳೆ ಕಾಣುತ್ತದೆ. ಬಟ್ಟೆ ಎಲ್ಲರೆದುರು ಬಿದ್ದಿದೆ ಅಂದಮಾತ್ರಕ್ಕೆ ತಪಾಸಣೆ ಆಯಿತು ಅಂತಲ್ಲ. ಈ ಘಟನೆಯ ನಂತರ ಓಪನ್‌ಎಸ್‌ಎಸ್‌ಎಲ್ ತನಗೆ ಒಂದು ಆಡಳಿತ ವ್ಯವಸ್ಥೆ ಮಾಡಿಕೊಂಡಿತು. ಬರೆದವರಲ್ಲದೆ ಬೇರೆಯವರು ನೋಡಿ ಒಪ್ಪದೆ ಒಂದು ಸಾಲೂ ಒಳಗೆ ಸೇರಬಾರದು ಎಂದಾಯಿತು.

ಎರಡನೆಯದು ಇನ್ನೂ ಭಯ ಹುಟ್ಟಿಸುವಂಥದ್ದು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಹಿಂಡಿ ಚಿಕ್ಕದು ಮಾಡುವ ಪುಟ್ಟ ತಂತ್ರಾಂಶ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೇ, ಸಂಬಳವಿಲ್ಲದೆ. ಅವರು ದಣಿದಿದ್ದರು. ಆಗ ಒಬ್ಬ ಅಪರಿಚಿತ ಬಂದ. ಒಳ್ಳೊಳ್ಳೆಯ ತಿದ್ದುಪಡಿ ಕಳಿಸಿದ, ಸಹಾಯ ಮಾಡಿದ. ಬೇರೆ ಬೇರೆ ಹೆಸರಿನ ಕೆಲವರು "ಹಳಬರು ನಿಧಾನ, ಹೊಸಬರಿಗೆ ಅಧಿಕಾರ ಕೊಡಿ" ಅಂತ ಒತ್ತಾಯಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರಲ್ಲಿ ಆ ಅಪರಿಚಿತ ತಂತ್ರಾಂಶದೊಳಗೆ ಒಂದು ಹಿಂಬಾಗಿಲು ಇಟ್ಟ. ಅದನ್ನು ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ, ಯಾಕೆ ಅಂತ ಅವರು ಬೆನ್ನುಹತ್ತಿದರು. ಬರೀ ಅರ್ಧ ಸೆಕೆಂಡು! ಪ್ರಯೋಗಶಾಲೆಯಲ್ಲಿ ಅಳತೆ ಸ್ವಲ್ಪ ಹೊಂದದಿದ್ದರೆ "ಇರ್ಲಿ ಬಿಡ್ರಿ" ಅಂತ ಪುಸ್ತಕದ ಉತ್ತರ ಬರೆದಿಡುತ್ತೀರಲ್ಲ, ಅವರು ಹಾಗೆ ಮಾಡಲಿಲ್ಲ. ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಡೆಬಿಯನ್ನಿನ 'ಅಸ್ಥಿರ' ಮತ್ತು 'ಪರೀಕ್ಷೆ' ವಿಭಾಗಗಳಿಗೆ ಆ ಕೆಟ್ಟ ಆವೃತ್ತಿ ಆಗಲೇ ಬಂದಿತ್ತು, ಆದರೆ 'ಸ್ಥಿರ'ಕ್ಕೆ ಇನ್ನೂ ತಲುಪಿರಲಿಲ್ಲ. ನಿಧಾನ ನಿಧಾನ ಅಂತ ಜನ ಬೈಯುವ ಮೂರು ಜರಡಿ ಅಂದು ಕೆಲಸಕ್ಕೆ ಬಂದವು.

ಇದರಲ್ಲಿ ನನಗೆ ಹೆಚ್ಚು ಕಾಡುವುದು ಕಳ್ಳನಲ್ಲ, ಆ ದಣಿದ ಒಬ್ಬ ಮನುಷ್ಯ. ಒಬ್ಬರ ಮೇಲೆ ಇಡೀ ಭಾರ ಬಿದ್ದರೆ ಎಂಥ ಒಳ್ಳೆಯ ಮನುಷ್ಯನೂ ಒಂದು ದಿನ ಕೀಲಿಕೈಯನ್ನು ಯಾರ ಕೈಗಾದರೂ ಕೊಟ್ಟಾನು. ಪೈಥಾನ್ ಭಾಷೆಯ ಕಥೆಯೂ ಹೀಗೇ ಆಗಬಹುದಿತ್ತು. 1991ರಲ್ಲಿ ಅದನ್ನು ಹೊರತಂದ ಗೀಡೊ ವಾನ್ ರೋಸಮ್ ಅವರೇ ಸುಮಾರು ಮೂರು ದಶಕ ಕೊನೆಯ ಮಾತು ಹೇಳುತ್ತಿದ್ದರು. ಅವರನ್ನು ತಮಾಷೆಗೆ 'ಆಜೀವ ದಯಾಳು ಸರ್ವಾಧಿಕಾರಿ' ಎನ್ನುತ್ತಿದ್ದರು. 2018ರ ಜುಲೈನಲ್ಲಿ ಒಂದು ಸಣ್ಣ ಚಿಹ್ನೆಯ ಕುರಿತ ಜಗಳದಿಂದ ಬೇಸತ್ತು ಅವರು ಆ ಸ್ಥಾನ ಬಿಟ್ಟರು. ಪೈಥಾನಿನವರು ತಿಂಗಳುಗಟ್ಟಲೆ ಚರ್ಚೆ ಮಾಡಿ, ಮತ ಹಾಕಿ, 5 ಜನರ ಮಾರ್ಗದರ್ಶಿ ಮಂಡಳಿ ಮಾಡಿಕೊಂಡರು. ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರುವ ಹಾಗಿಲ್ಲ. ಒಂದೇ ಮನೆತನದವರು ಸೊಸಾಯಿಟಿಯ ಎಲ್ಲ ಕುರ್ಚಿ ಹಿಡಿದರೆ ಏನಾಗುತ್ತದೆ ಅಂತ ನಮ್ಮ ಭಾಗದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಸಮಿತಿ ಅಂದಮಾತ್ರಕ್ಕೆ ತಪ್ಪೇ ಆಗುವುದಿಲ್ಲ ಅಂತ ತಿಳಿಯಬೇಡಿ. ಹಳಗನ್ನಡ ಪದ್ಯದಲ್ಲಿ ೞ ಅಕ್ಷರ ನೋಡಿದ್ದೀರಿ. ಇವತ್ತಿನ 'ಏಳು' ಅಂದು 'ಏೞ್' ಆಗಿತ್ತು. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಕೊಟ್ಟಿರುವ ಇಂಗ್ಲಿಷ್ ಹೆಸರು ಏನು ಗೊತ್ತೇ? 'ಕನ್ನಡ ಅಕ್ಷರ ಫಾ'! ಫ್ಯಾನು, ಫೋಟೋ ಪದಗಳಲ್ಲಿ ಬರುವ ಫ. ಎಲ್ಲಿಯ ೞ, ಎಲ್ಲಿಯ ಫ? ತಪ್ಪು ಗೊತ್ತಾದ ಮೇಲೆ ಬದಲಿಸಬಹುದಿತ್ತಲ್ಲ ಅಂತೀರಿ. ಬದಲಿಸುವ ಹಾಗಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದು ಎಂಬುದು ಆ ಸಮಿತಿ ತನಗೆ ತಾನೇ ಹಾಕಿಕೊಂಡ ನಿಯಮ, ಯಾಕಂದರೆ ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಎಲ್ಲೆಲ್ಲಿ ಇವೆಯೋ, ಹೆಸರು ಬದಲಾದರೆ ಅವು ಮುರಿಯುತ್ತವೆ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಇಟ್ಟು, ಪಕ್ಕದಲ್ಲಿ 'ತಿದ್ದುಪಡಿ' ಎಂದು ಸರಿಯಾದ ಹೆಸರನ್ನು ಅಧಿಕೃತವಾಗಿ ಸೇರಿಸಿದ್ದಾರೆ. ತಪ್ಪನ್ನು ಅಳಿಸದೆ ತಿದ್ದುವ ಕ್ರಮ ಇದು. ಪ್ರಯೋಗವಹಿಯಲ್ಲಿ ತಪ್ಪು ಓದಿಕೆಯನ್ನು ರಬ್ಬರ್ ಹಾಕಿ ಅಳಿಸಬೇಡಿ, ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ ಅಂತ ನಾನು ಯಾಕೆ ಕೂಗಾಡುತ್ತೇನೆ ಅಂತ ಈಗ ಗೊತ್ತಾಯಿತೇ?

ಆದರೂ ಒಂದು ಮಾತು. ಅಂದು ಆ ಪಟ್ಟಿ ಮಾಡುವಾಗ ಹಳಗನ್ನಡ ಬಲ್ಲ ಒಬ್ಬರು ಆ ಸಾಲನ್ನು ಓದಿದ್ದರೆ ಈ ತಪ್ಪು ಉಳಿಯುತ್ತಿರಲಿಲ್ಲ. ಸಮಿತಿಯ ಗುಣಮಟ್ಟ ನಿಂತಿರುವುದು ಅದರ ಮುಂದೆ ಯಾರು ಬಂದು ಮಾತಾಡುತ್ತಾರೆ ಎಂಬುದರ ಮೇಲೆ.

ಇದು ಇಂದಿಗೂ ನಡೆಯುತ್ತಿರುವ ಸಂಗತಿ. ಫೋನಿನಲ್ಲಿ ತಿಂಗಳ ಹೆಸರು, ವಾರದ ಹೆಸರು, ದೇಶಗಳ ಹೆಸರು ಕನ್ನಡದಲ್ಲಿ ಬರುತ್ತವಲ್ಲ, ಅವು ಬಹುತೇಕ ಬರುವುದು ಯೂನಿಕೋಡ್ ಒಕ್ಕೂಟವೇ ನಡೆಸುವ ಸಿಎಲ್‌ಡಿಆರ್ ಎಂಬ ಮುಕ್ತ ಭಂಡಾರದಿಂದ. 'ಫೆಬ್ರವರಿ' ಇರಬೇಕೋ 'ಫೆಬ್ರುವರಿ' ಇರಬೇಕೋ? ಅದು ಅಲ್ಲಿ ಮತಕ್ಕೆ ಬೀಳುತ್ತದೆ. ಅತಿಥಿಯಾಗಿ ಬಂದವರ ಮತಕ್ಕೆ ತೂಕ ಕಡಿಮೆ, ಸಂಸ್ಥೆಗಳು ನೇಮಿಸಿದ ಪರಿಶೀಲಕರ ಮತಕ್ಕೆ ತೂಕ ಹೆಚ್ಚು, ವಿವಾದ ಬಂದರೆ ತಾಂತ್ರಿಕ ಸಮಿತಿ ಇದೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಅವರಲ್ಲಿ ಅಲ್ಲಿ ಹೋಗಿ ಮತ ಹಾಕುವವರು ಎಷ್ಟು ಜನ ಇರಬಹುದು, ನೀವೇ ಊಹಿಸಿ. ಗಡಿ ಆಚೆಯ ನಮ್ಮಂಥವರಲ್ಲಿ?

ಕರ್ನಾಟಕ ಸರ್ಕಾರ ಇದರ ಬಗ್ಗೆ ಯೋಚಿಸಿಲ್ಲ ಅಂತಲ್ಲ. ಡಾ. ಚಿದಾನಂದ ಗೌಡ ಅವರ ಅಧ್ಯಕ್ಷತೆಯಲ್ಲಿ ಕನ್ನಡ ತಂತ್ರಾಂಶ ಸಮಿತಿ ಮಾಡಿತ್ತು, ಆಡಳಿತದಲ್ಲಿ ಯೂನಿಕೋಡ್ ಬಳಕೆಗೆ ಬಂದದ್ದರಲ್ಲಿ ಅದರ ಪಾತ್ರ ದೊಡ್ಡದು. ಕಾಸರಗೋಡಿನ ಕನ್ನಡ ಶಾಲೆಗಳ ನಿಮ್ಮ ವಯಸ್ಸಿನ ಮಕ್ಕಳು ಕೇರಳ ಸರ್ಕಾರದ 'ಕೈಟ್' ಸಂಸ್ಥೆ ಸಿದ್ಧಪಡಿಸಿದ ಮುಕ್ತ ತಂತ್ರಾಂಶದ ಕಂಪ್ಯೂಟರಿನಲ್ಲೇ ಕಲಿಯುತ್ತಾರೆ. ಅವರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ನಮಗೆ ಬಾಲಭಾರತಿಯ ಕನ್ನಡ ಪುಸ್ತಕಗಳಿವೆ. ನಿಮ್ಮ ವಿಜ್ಞಾನ ಪುಸ್ತಕದ ಮೊದಲ ಪುಟಗಳನ್ನು ಒಮ್ಮೆ ತೆರೆದು ನೋಡಿ, ಯಾರೂ ಓದದ ಆ ಪುಟದಲ್ಲಿ ವಿಷಯ ಸಮಿತಿಯ ಹೆಸರುಗಳಿರುತ್ತವೆ.

ಈ ಸಲದ ಮಳೆಗಾಲದಲ್ಲಿ ನಮ್ಮ 9ನೇ ತರಗತಿಯವರು ಒಂದು ಕೆಲಸ ಮಾಡಿದರು. ಶಾಲೆಯ ಕಂಪ್ಯೂಟರಿನಲ್ಲಿರುವ ಒಂದು ಮುಕ್ತ ತಂತ್ರಾಂಶದ ಕನ್ನಡ ಪರದೆಯನ್ನು ಸಾಲು ಸಾಲಾಗಿ ಓದಿ ತಪ್ಪು ಹುಡುಕಿದರು. ಮೊದಲ ದಿನ ಬಂದ ಪಟ್ಟಿ ಹೀಗಿತ್ತು: "ಕನ್ನಡ ಚೊಲೋ ಇಲ್ಲ." ಇದು ದೂರಲ್ಲ, ಗೊಣಗಾಟ ಅಂದೆ. ಡೇರಿಯವನಿಗೆ "ಹಾಲು ಚೊಲೋ ಇಲ್ಲ" ಅಂದರೆ ಅವನು ಏನು ಮಾಡಬೇಕು? ಯಾವ ಪರದೆ, ಯಾವ ಗುಂಡಿ, ಈಗ ಏನಿದೆ, ಏನಿರಬೇಕು, ಇನ್ನೊಬ್ಬರು ಅದನ್ನೇ ಮತ್ತೆ ನೋಡಬೇಕಾದರೆ ಏನೇನು ಒತ್ತಬೇಕು, ಇಷ್ಟು ಬರೆಯಿರಿ ಅಂದೆ. ಎರಡು ವಾರ ಹಿಡಿಯಿತು. ಒಂದು ಪದಕ್ಕಂತೂ ತರಗತಿಯಲ್ಲೇ ಜಗಳ ಆಯಿತು, 'ಉಳಿಸು' ಬೇಕೋ 'ಜತನ ಮಾಡು' ಬೇಕೋ ಅಂತ. ಕೈ ಎತ್ತಿಸಿ ಮತ ಹಾಕಿಸಿದೆವು. 'ಉಳಿಸು' ಗೆದ್ದಿತು, ಎರಡು ಮತದಿಂದ. ಸೋತ ಗುಂಪಿನವರು ತಮ್ಮ ಕಾರಣವನ್ನೂ ಕೆಳಗೆ ಬರೆಯಬೇಕು ಅಂತ ಹಟ ಹಿಡಿದರು, ಬರೆದೆವು. ಒಟ್ಟು ಏಳು ದೂರುಗಳನ್ನು ಕಳಿಸಿದೆವು.

ಹನ್ನೊಂದನೆಯ ದಿನ ಉತ್ತರ ಬಂತು. ಯಾವ ದೇಶದವರೋ, ಹೆಸರು ಓದಲು ಬರಲಿಲ್ಲ. ಐದನ್ನು ಕನ್ನಡ ಅನುವಾದ ತಂಡಕ್ಕೆ ಕಳಿಸಿದ್ದೇವೆ, ಒಂದು ಈಗಾಗಲೇ ಹೊಸ ಆವೃತ್ತಿಯಲ್ಲಿ ಸರಿಯಾಗಿದೆ ಅಂತ ಬರೆದಿದ್ದರು. ಏಳನೆಯದರ ಕೆಳಗೆ ಒಂದೇ ಸಾಲು, ನೀವು ಬಳಸುತ್ತಿರುವ ಆವೃತ್ತಿ ಸಂಖ್ಯೆ ಬರೆದಿಲ್ಲ, ದಯವಿಟ್ಟು ತಿಳಿಸಿ.

ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳು ಕಂಪ್ಯೂಟರ್ ಕೋಣೆಯ ಕೀಲಿ ಕೇಳಲು ಬಂದರು. ಆವೃತ್ತಿ ಸಂಖ್ಯೆ ಎಲ್ಲಿ ಬರೆದಿರುತ್ತದೆ ಅಂತ ಹುಡುಕಬೇಕಂತೆ.